ಕಾಲು ಸುತ್ತು

‘ಅವನಿಗೊಂದು ಸ್ಕ್ರೂ ಲೂಸು’ ಅಂದರೆ ನಮ್ಮಲ್ಲಿ ಅದು ತಲೆಯ ವಿಷಯ. ನಾನು ಹೇಳಹೊರಟಿರುವುದು ನಿಜವಾದ ಸ್ಕ್ರೂ ಬಗ್ಗೆ. ಏರ್ ಪಿಸ್ತೂಲಿನ ಮರದ ಹಿಡಿಯನ್ನು ಅದರ ಲೋಹದ ಮೈಗೆ ಬಿಗಿದಿರುವ ಒಂದೇ ಒಂದು ಸ್ಕ್ರೂ. ಬರೆಯುತ್ತಾ ಹೋದರೆ ಕೊನೆಗೆ ಇದೂ ತಲೆಗೇ ಬಂದು ನಿಲ್ಲುತ್ತೇನೋ, ನೋಡೋಣ.

ವಾರದಲ್ಲಿ ಮೂರು ದಿನ, ಆಫೀಸಿಗೆ ಮುಂಚೆ, ನಾನು ಶೂಟಿಂಗ್ ರೇಂಜಿಗೆ ಹೋಗ್ತೀನಿ. 10 ಮೀಟರ್ ಏರ್ ಪಿಸ್ತೂಲ್. ಸ್ವಂತದ್ದು ಕೊಳ್ಳೋದು ದುಬಾರಿ ಬಾಬತ್ತು, ಹಾಗಾಗಿ ನನ್ನಂಥವರು ಕ್ಲಬ್ಬಿನ ಪಿಸ್ತೂಲನ್ನೇ ಹಂಚಿಕೊಳ್ತೇವೆ. ನನ್ನ ಪಾಲಿಗೆ ಬಂದದ್ದಕ್ಕೆ ಐದು ಜನ ವಾರಸುದಾರರು. ಬೆಳಗ್ಗೆ ನಾನು, ಸಂಜೆ ಉಳಿದವರು.

ಹೋದ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ ಪಿಸ್ತೂಲು ಎತ್ತಿದಾಗ ಅಂಗೈಯಲ್ಲಿ ಏನೋ ‘ಕಟಕ್’ ಅಂದ ಹಾಗಾಯಿತು. ಶಬ್ದ ಅಂತಲೂ ಹೇಳೋಕಾಗಲ್ಲ, ಹಾಗೊಂದು ಅನುಮಾನ. ಡ್ರಾಯರಿನಲ್ಲಿದ್ದ ಆಲನ್ ಕೀ ಹಾಕಿ ನೋಡಿದೆ. ಸ್ಕ್ರೂ ಕಾಲು ಸುತ್ತು ತಿರುಗಿ ನಿಂತಿತು. ಐದು ಸೆಕೆಂಡಿನ ಕೆಲಸ. ಆಮೇಲೆ ಚೆನ್ನಾಗೇ ಹೊಡೆದೆ. ಪಿಸ್ತೂಲನ್ನು ಪೆಟ್ಟಿಗೆಗಿಟ್ಟು ಆಫೀಸಿಗೆ ಹೋದೆ. ಮುಂದಿನ ಸಲ ಬಂದಾಗ ಮತ್ತೆ ಕಾಲು ಸುತ್ತು. ಅದರ ಮುಂದಿನ ಸಲವೂ. ಕೊನೆಗೆ ಅದು ಅಭ್ಯಾಸವೇ ಆಗಿಹೋಯ್ತು: ಬ್ಯಾಗ್ ಇಡು, ನೀರು ಕುಡಿ, ಕಾಲು ಸುತ್ತು ತಿರುಗಿಸು.

ಸ್ಕ್ರೂ ಯಾಕೆ ಸಡಿಲವಾಗುತ್ತೆ ಅನ್ನೋದೇ ಒಂದು ಸ್ವಾರಸ್ಯದ ಕಥೆ. ಬಿಗಿ ಮಾಡಿದಾಗ ಸ್ಕ್ರೂ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ. ಎಳೆದ ರಬ್ಬರ್ ಬ್ಯಾಂಡಿನ ಹಾಗೆ ಅದು ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತೆ. ಬಿಗಿ ಅಂದರೆ ಈ ಎಳೆತವೇ. ಬೋಲ್ಟನ್ನು ಬಿಚ್ಚಿಸುವುದರಲ್ಲಿ ಉದ್ದಕ್ಕೆ ಬೀಳುವ ಎಳೆತಕ್ಕಿಂತ ಅಡ್ಡಡ್ಡಕ್ಕೆ ಆಗುವ ಸಣ್ಣ ಸಣ್ಣ ಜಾರಾಟವೇ ದೊಡ್ಡ ಶತ್ರು ಅಂತ 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಎಂಜಿನಿಯರ್ ತೋರಿಸಿಕೊಟ್ಟರು. ನಮ್ಮ ಪಿಸ್ತೂಲಿನಲ್ಲಿ ಲೋಹದ ಜೊತೆ ಮರ ಬೇರೆ ಸೇರಿಕೊಂಡಿದೆ. ಬೇಸಿಗೆಯ ಒಣಗಾಳಿಗೆ ಮರ ಕುಗ್ಗುತ್ತೆ, ಮಳೆಗಾಲಕ್ಕೆ ಉಬ್ಬುತ್ತೆ. ಸ್ಕ್ರೂ ತಲೆ ಕೂರುವ ಜಾಗದಲ್ಲಿ ಮರ ತುಸು ತಗ್ಗಾದರೂ ಸಾಕು, ಆ ಎಳೆತ ಹೋಯ್ತು. ಆಮೇಲೆ ಐದು ಕೈಗಳು ದಿನವಿಡೀ ಹಿಂಡಿ ಅಲುಗಿಸಿದರೆ ಅದು ಎಷ್ಟು ಹೊತ್ತು ನಿಂತೀತು?

ಸಿಡಿಮದ್ದಿನ ಪಿಸ್ತೂಲುಗಳಲ್ಲಿ ಗುಂಡಿನ ಒದೆತವೂ ಸೇರಿ ಈ ಕಾಟ ಇನ್ನೂ ಜಾಸ್ತಿ. ಅಮೆರಿಕದ ಹೆಸರಾಂತ 1911 ಪಿಸ್ತೂಲಿನ ಹಿಡಿಗೆ ಪಕ್ಕಕ್ಕೆರಡರಂತೆ ನಾಲ್ಕು ಪುಟ್ಟ ಸ್ಕ್ರೂ. ಕೆಲವರು ಅವುಗಳ ತಲೆಯಡಿ ರಬ್ಬರ್ ರಿಂಗ್ ಕೂರಿಸ್ತಾರೆ. ಕೆಲವರು ಒಂದು ತೊಟ್ಟು ಲಾಕ್‌ಟೈಟ್ ಹಾಕ್ತಾರೆ, ಲೋಹದ ನಡುವೆ ಗಾಳಿ ತಾಗದ ಕಡೆ ಗಟ್ಟಿಯಾಗುವ ಅಂಟು ಅದು. ನೀಲಿ ಬಣ್ಣದ್ದನ್ನು ಹಾಕಿದರೆ ಸಾಮಾನ್ಯ ಕೈ ಉಪಕರಣದಿಂದಲೇ ಬಿಚ್ಚಬಹುದು. ಕೆಂಪಿನದ್ದಕ್ಕೆ ಸುಮಾರು 250 ಡಿಗ್ರಿ ಕಾಯಿಸಬೇಕು, ಮರದ ಪಕ್ಕದಲ್ಲಿ ಕೂತು ಆ ಸಾಹಸ ಯಾರು ಮಾಡ್ತಾರೆ! ಅಂಟು ಅತಿಯಾದರೆ ಸ್ಕ್ರೂ ಬಿಚ್ಚುವಾಗ ಅದು ಕೂತಿದ್ದ ಬುಷ್ಷೂ ಕಿತ್ತುಕೊಂಡು ಬರುತ್ತೆ.

ಅಂದರೆ ಉಪಾಯಗಳು ಇದ್ದವು, ನನಗೆ ಗೊತ್ತೂ ಇದ್ದವು. ನಾನು ಮಾತ್ರ ಕಾಲು ಸುತ್ತು ತಿರುಗಿಸಿ ಹೋಗ್ತಿದ್ದೆ.

ಸಂಜೆಯವರಲ್ಲಿ ಒಬ್ಬಳು ಸೆಕೆಂಡ್ ಪಿಯುಸಿ ಹುಡುಗಿ. ನನ್ನನ್ನು ಅಣ್ಣ ಅಂತಾಳೆ. ಜನವರಿಯಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದವಳು ಫೆಬ್ರವರಿಯಲ್ಲಿ ಕುಸಿಯತೊಡಗಿದಳು. ಒಂದು ಭಾನುವಾರ ಇಬ್ಬರೂ ಒಟ್ಟಿಗೆ ಸಿಕ್ಕಾಗ ಕೋಚ್ ಅವಳ ಹಿಂದೆ ನಿಂತು ಹೇಳ್ತಿದ್ದರು: “ಮಣಿಕಟ್ಟು ಮುರೀತಿದೀಯಮ್ಮ. ಟ್ರಿಗರ್ ಒತ್ತೋವಾಗ ಹೆದರ್ತಿದೀಯ. ಮನಸ್ಸೆಲ್ಲಿದೆ?” ಅವಳು ತಲೆ ತಗ್ಗಿಸಿ “ಹೂಂ ಸರ್” ಅಂದಳು. ಮನೆಯಲ್ಲಿ ನೀರಿನ ಬಾಟಲಿ ಹಿಡಿದು ಗೋಡೆಗೆ ಮುಖಮಾಡಿ ಅರ್ಧ ಗಂಟೆ ಕೈ ಚಾಚಿ ನಿಲ್ತೀನಿ ಅಣ್ಣಾ, ಆದರೂ ಆಗ್ತಿಲ್ಲ, ಅಂತ ಆಮೇಲೆ ನನಗೆ ಹೇಳಿದಳು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಹಿಡಿ ಸಡಿಲವಿದ್ದರೂ ಗುರಿ ಹಿಡಿಯುವಾಗ ಎಲ್ಲ ಸರಿಯಾಗೇ ಕಾಣುತ್ತೆ, ಯಾಕಂದ್ರೆ ಹಿಂದಿನ ಸೈಟು, ಮುಂದಿನ ಸೈಟು ಎರಡೂ ಲೋಹದ ಮೈಮೇಲಿವೆ. ತಪ್ಪೋದು ಬೆರಳು ಟ್ರಿಗರ್ ಒತ್ತುವ ಕ್ಷಣದಲ್ಲಿ. ಸೈಟುಗಳ ನಡುವೆ 35 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಂದಿನದು ಅರ್ಧ ಮಿಲಿಮೀಟರ್ ಅಲುಗಿದರೆ 10 ಮೀಟರ್ ಆಚೆ ಪೆಲೆಟ್ 14 ಮಿ.ಮೀ. ಪಕ್ಕಕ್ಕೆ ಬೀಳುತ್ತೆ. ಹತ್ತು ಅಂಕದ ವೃತ್ತದ ಅಗಲವೇ 11.5 ಮಿ.ಮೀ. ಅದೂ ಪ್ರತಿ ಸಲ ಒಂದೇ ಕಡೆ ಬೀಳಲ್ಲ. ಒಮ್ಮೆ ಎಡ, ಒಮ್ಮೆ ಕೆಳಗೆ. ನೋಡುವವರಿಗೆ ಅದು ಹೆದರಿದ ಕೈಯ ಹಾಗೇ ಕಾಣುತ್ತೆ.

2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ಮಧ್ಯದಲ್ಲೇ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಹೊತ್ತು ಹೋಯಿತು, ಫೈನಲ್ ತಪ್ಪಿತು. 2024ರ ಪ್ಯಾರಿಸಿನಲ್ಲಿ ಅವರು ಎರಡು ಕಂಚು ಗೆದ್ದದ್ದು ನಿಮಗೂ ಗೊತ್ತು. ಟೋಕಿಯೊದಲ್ಲಿ ಕೆಟ್ಟದ್ದು ಪಿಸ್ತೂಲು ಅಂತ ಹೇಳೋಕಾದರೂ ಸಾಧ್ಯವಿತ್ತು. ಸಡಿಲವಾದ ಸ್ಕ್ರೂಗೆ ಆ ಔದಾರ್ಯವೂ ಇಲ್ಲ. ಅದು ಮುರಿಯಲ್ಲ, ನಿಲ್ಲಲ್ಲ. ತನ್ನ ತಪ್ಪನ್ನೆಲ್ಲ ಹಿಡಿದವರ ಹೆಸರಿಗೆ ಬರೆದು ಸುಮ್ಮನಿರುತ್ತೆ.

ಆ ಭಾನುವಾರ ನನಗೆ ಅರ್ಥವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಅರ್ಥವಾಯಿತು. ಬಾಯಿ ತೆರೆದಿದ್ದರೆ ಪಿಸ್ತೂಲು ರಿಪೇರಿಗೆ ಹೋಗುತ್ತಿತ್ತು. ನಮ್ಮ ಕ್ಲಬ್ಬಿನಲ್ಲಿ ರಿಪೇರಿಗೆ ಹೋದದ್ದು ವಾಪಸ್ ಬರೋದು ನಿಧಾನ, ನನಗೋ ಎರಡು ವಾರದಲ್ಲಿ ಒಂದು ಸ್ಪರ್ಧೆ. ಇನ್ನೊಂದು ನೆಪವೂ ಕೈಗೆ ಸಿಕ್ಕಿತು: ನಾನು ದಿನಾ ಬಿಗಿ ಮಾಡ್ತಿದೀನಲ್ಲ, ಎಲ್ಲರಿಗೂ ಉಪಕಾರವೇ ತಾನೇ?

ಉಪಕಾರ ಅನ್ನೋ ಈ ಮಾತೇ ನನ್ನನ್ನು ಇವತ್ತಿಗೂ ಚುಚ್ಚೋದು. ನಾನು ಬಿಗಿ ಮಾಡದೇ ಇದ್ದಿದ್ದರೆ ಹಿಡಿ ಎರಡೇ ದಿನದಲ್ಲಿ ಲೊಡಲೊಡ ಅನ್ನುತ್ತಿತ್ತು, ಯಾರಾದರೂ ಬೈದು ಸರಿಮಾಡಿಸುತ್ತಿದ್ದರು. ನನ್ನ ಕಾಲು ಸುತ್ತು ಅದನ್ನು ಬೆಳಗ್ಗೆ ನನ್ನ ಮಟ್ಟಿಗೆ ಗಟ್ಟಿಯಾಗಿಟ್ಟು, ಸಂಜೆ ಅವಳಿಗೆ ತಿಳಿಯದಷ್ಟು ಮಾತ್ರ ಸಡಿಲವಾಗಿಡುತ್ತಿತ್ತು. ಆಫೀಸಿನಲ್ಲೂ ನಾನು ಮಾಡಿರೋದು ಇದನ್ನೇ. ರಾತ್ರಿ 2 ಗಂಟೆಗೆ ಅಲರ್ಟ್ ಬಂದರೆ ಸರ್ವಿಸ್ ರೀಸ್ಟಾರ್ಟ್ ಮಾಡಿ ಮಲಗೋದು. ಟಿಕೆಟ್ ಹಾಕಿದರೆ ನನ್ನ ತಲೆಗೇ ಬರುತ್ತೆ ಅಂತ ಹಾಕದಿರೋದು. ಮುಂದಿನ ವಾರ ಆನ್‌ಕಾಲ್‌ಗೆ ಬಂದ ಹೊಸಬ, ತಾನು ಬರೆದ ಕೋಡಿನಿಂದಲೇ ಹೀಗಾಯ್ತೇನೋ ಅಂತ ಬೆವರೋದು. ಆ ಹೊಸಬನ ಮುಖ ನಾನು ನೋಡಿರಲಿಲ್ಲ, ಈ ಹುಡುಗಿಯದನ್ನು ನೋಡಿದ್ದೆ. ವ್ಯತ್ಯಾಸ ಅಷ್ಟೇ.

ಸ್ಪರ್ಧೆ ಮುಗಿದ ಮೇಲೆ, ಹೌದು, ಮುಗಿದ ಮೇಲೆ, ಕೋಚ್‌ಗೆ ಹೇಳಿದೆ. ಅವರು ಹಿಡಿ ಬಿಚ್ಚಿ ನೋಡಿ, ಮರ ತಗ್ಗಾಗಿದ್ದ ಕಡೆ ಅಗಲವಾದ ವಾಷರ್ ಕೂರಿಸಿ, ಥ್ರೆಡ್ಡಿಗೆ ಒಂದು ತೊಟ್ಟು ನೀಲಿ ಅಂಟು ಹಾಕಿ ಬಿಗಿದರು. ಇಪ್ಪತ್ತು ನಿಮಿಷ. ರಿಪೇರಿಗೆ ಕಳಿಸುವ ಮಾತೇ ಬರಲಿಲ್ಲ. ವಿಮಾನದ ಬೋಲ್ಟುಗಳ ಮೇಲೆ ಬಣ್ಣದ ಗೆರೆ ಎಳೆದಿರ್ತಾರೆ, ಬೋಲ್ಟು ತುಸು ತಿರುಗಿದರೂ ಗೆರೆ ತುಂಡಾಗಿ ಯಾರಿಗಾದರೂ ಗೊತ್ತಾಗುತ್ತೆ, ಹಾಗೆ ಮಾಡಬಹುದು ಸರ್ ಅಂದೆ. ಪಕ್ಕದಲ್ಲಿದ್ದ ಹುಡುಗಿ ಬ್ಯಾಗಿನಿಂದ ಕೆಂಪು ನೈಲ್ ಪಾಲಿಶ್ ತೆಗೆದು ಸ್ಕ್ರೂ ತಲೆಯಿಂದ ವಾಷರ್ ದಾಟಿಸಿ ಮರದವರೆಗೆ ನೀಟಾಗಿ ಒಂದು ಗೆರೆ ಎಳೆದಳು. ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದಳು:

“ನಿಮಗೆ ಯಾವಾಗ ಗೊತ್ತಾಯ್ತು ಅಣ್ಣಾ?”

“ಇವತ್ತು ಬೆಳಗ್ಗೆ” ಅಂದೆ.

ಈಗ ಅವಳು ಬೇರೆ ಊರಿನಲ್ಲಿ ಎಂಜಿನಿಯರಿಂಗ್ ಓದ್ತಿದಾಳೆ. ಪಿಸ್ತೂಲ್ ಬಿಟ್ಟಿಲ್ಲವಂತೆ. ಗೆರೆ ಇನ್ನೂ ಹಾಗೇ ಇದೆ, ಬೆಳಗ್ಗೆ ಅದನ್ನು ನೋಡಿಯೇ ಪಿಸ್ತೂಲು ಎತ್ತಬೇಕು. ಇದನ್ನು ಬರೆದು ನಿಮಗಿಂತ ಮೊದಲು ಅವಳಿಗೆ ಕಳಿಸಿದೆ. ಓದಿದಾಳೆ, ಎರಡೂ ಟಿಕ್ ನೀಲಿಯಾಗಿವೆ. ಉತ್ತರ ಇನ್ನೂ ಬಂದಿಲ್ಲ.