ಎಲೆಯ ಸಾಕ್ಷ್ಯ

ಹಣ್ಣಿಗಾಗಿ ಅಲ್ಲದೆ ಕೇವಲ ಹೂವಿನ ಚೆಲುವಿಗಾಗಿ ಬೆಳೆಸುವ ಚೆರಿ ಮರಗಳು ಚಳಿದೇಶಗಳಲ್ಲಿ ಹೇರಳವಾಗಿವೆ. ಜಪಾನಿನವರು ಇದನ್ನು ಸಕುರಾ ಎನ್ನುವರು. ಇಂಗ್ಲೆಂಡು, ಅಮೆರಿಕಾ ಮೊದಲಾದ ದೇಶಗಳ ಗೃಹಸ್ಥರೂ ಮನೆಯ ಮುಂದಣ ಹುಲ್ಲುಹಾಸಿನಲ್ಲಿ ಇದನ್ನು ನೆಟ್ಟು, ವರ್ಷದಲ್ಲಿ ಒಂದೆರಡು ವಾರ ಮಾತ್ರ ಕಾಣುವ ಆ ಸಿರಿಗಾಗಿ ಉಳಿದ ದಿನಗಳೆಲ್ಲ ಅದನ್ನು ಸಾಕುವರು. ಅಂತಹ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಹೂವು ಉದುರಿ ಎಲೆ ತುಂಬಿದ ಮೇಲೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ಎಲೆಗಳು ಮುದುರಿಕೊಂಡಿರುವುದು ಅವನ ಕಣ್ಣಿಗೆ ಬೀಳುತ್ತದೆ. ವಾರ ಕಳೆಯುವಷ್ಟರಲ್ಲಿ ಅಂಚು ಕಂದುತ್ತದೆ. ಮರಕ್ಕೆ ಬಾಯಾರಿಕೆಯಾಗಿರಬೇಕೆಂದು ಭಾವಿಸಿ ಅವನು ನೀರು ಹಾಕುತ್ತಾನೆ. ಎಲೆ ಇನ್ನಷ್ಟು ಕಂದುತ್ತದೆ. ಅವನು ಇನ್ನಷ್ಟು ನೀರು ಹಾಕುತ್ತಾನೆ. ಮರ ಸಾಯುತ್ತದೆ.

ಈ ಗೃಹಸ್ಥನಲ್ಲಿ ದೋಷವುಂಟೇ, ಇಲ್ಲವೇ? ಲೌಕಿಕರು ಥಟ್ಟನೆ ಇಲ್ಲವೆನ್ನುವರು. ಅವನ ಸಂಕಲ್ಪವು ಶುದ್ಧವಾಗಿತ್ತು, ಕೈ ಉಪಕಾರಕ್ಕಾಗಿಯೇ ಚಾಚಿತ್ತು, ಫಲವು ದೈವಾಧೀನ. ಆದರೆ ಈ ಸಮಾಧಾನವನ್ನು ಒಪ್ಪುವುದಕ್ಕೆ ಮುಂಚೆ ಮರಕ್ಕೆ ನಿಜವಾಗಿ ಆದುದೇನೆಂಬುದನ್ನು ನೋಡಬೇಕು. ಚೆರಿಯ ಬೇರು ನಿಂತ ನೀರನ್ನು ಸಹಿಸತಕ್ಕುದಲ್ಲ. ಮಣ್ಣಿನ ಕಣಗಳ ನಡುವೆ ಗಾಳಿಯಿರಬೇಕಾದ ಎಡೆಗಳಲ್ಲಿ ನೀರು ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರಿಗೆ ಕೊಳೆರೋಗ ಹತ್ತುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದು. ಆಗ ನೀರಿನ ನಡುವೆ ನಿಂತ ಮರವೇ ಬಾಯಾರಿ ಒಣಗುತ್ತದೆ. ಎಲೆಯು ಸುಳ್ಳು ಹೇಳಿರಲಿಲ್ಲ. ‘ನನಗೆ ನೀರು ಮುಟ್ಟುತ್ತಿಲ್ಲ’ ಎಂದು ಅದು ಹೇಳಿತು. ‘ನೆಲದಲ್ಲಿ ನೀರಿಲ್ಲ’ ಎಂದು ಗೃಹಸ್ಥನು ಕೇಳಿಕೊಂಡನು.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು, ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಕೂಡದು ಎಂದು ನ್ಯಾಯಶಾಸ್ತ್ರವು ಕಲಿಸುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆ ಸೇರಿದಾಗ ಮಾತ್ರ ಹೊಗೆ. ಸಾಧ್ಯವಿರುವ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಸಮಾನವಾಗಿ ಕಾಣಿಸಿಕೊಳ್ಳುವ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿದರು. ಕಂದಿದ ಎಲೆಯು ಇಂತಹ ಹೇತು. ಅದು ಬರದಲ್ಲಿಯೂ ಇರುತ್ತದೆ, ಜವುಗಿನಲ್ಲಿಯೂ ಇರುತ್ತದೆ.

ಚೆರಿಯ ಎಲೆಯನ್ನು ಕೆಡಿಸುವ ಕಾರಣಗಳು ಈ ಎರಡೇ ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಚಿಗುರಿನ ತುದಿಯ ಎಲೆಗಳು ಮಾತ್ರ ಬಿಗಿಯಾಗಿ ಸುರುಳಿಗೊಂಡು ಅಂಟಂಟಾಗಿದ್ದರೆ, ಸುರುಳಿಯನ್ನು ಬಿಡಿಸಿ ನೋಡಿದವನಿಗೆ ಒಳಗೆ ಕರಿಯ ಸಸ್ಯಹೇನುಗಳ ಗುಂಪು ಸಿಕ್ಕುತ್ತದೆ. ಅವು ಸುರಿಸುವ ಸಿಹಿಯಾದ ರಸಕ್ಕಾಗಿ ಇರುವೆಗಳ ಸಾಲು ಕಾಂಡವನ್ನು ಹತ್ತುತ್ತಿರುತ್ತದೆ. ಇದು ನೋಟಕ್ಕೆ ಭಯಂಕರ. ಬೆಳೆದ ಮರಕ್ಕೆ ಪ್ರಾಣಾಂತಿಕವಲ್ಲ. ನೇರಿಳೆ ಬಣ್ಣದ ಸಣ್ಣ ಚುಕ್ಕೆಗಳು ಹುಟ್ಟಿ, ಕಂದಾಗಿ, ನಡುಭಾಗ ಉದುರಿ ತೂತುಬಿದ್ದಿದ್ದರೆ ಅದು ವಸಂತದ ಮಳೆಯಲ್ಲಿ ಹರಡುವ ಬೂಷ್ಟಿನ ಕೆಲಸವಾಗಿರಬಹುದು. ಅದೇ ತೂತುಗಳ ಜೊತೆಗೆ ಕೊಂಬೆಯ ತೊಗಟೆ ಕುಸಿದು ಗೋಂದು ಒಸರುತ್ತಿದ್ದರೆ ಬ್ಯಾಕ್ಟೀರಿಯಾದಿಂದಾದ ಹುಣ್ಣನ್ನು ಶಂಕಿಸಬೇಕು. ಹೂವೂ ಚಿಗುರೂ ಒಟ್ಟಿಗೆ ಬಾಡಿ, ಸತ್ತರೂ ಉದುರದೆ ಕಡ್ಡಿಗೆ ಅಂಟಿಕೊಂಡಿದ್ದರೆ, ಹೂವಿನ ದಾರಿಯಲ್ಲಿ ಒಳಹೊಕ್ಕ ಇನ್ನೊಂದು ಬೂಷ್ಟು. ಮರದ ಒಂದು ಮಗ್ಗುಲು ಬಾಡಿ ಇನ್ನೊಂದು ಹಸುರಾಗಿರುವುದಾದರೆ ಬಾಡಿದ ಕೊಂಬೆಯೊಂದನ್ನು ಕೊಯ್ದು ನೋಡಬೇಕು. ಒಳಮರದಲ್ಲಿ ಕಂದು ಗೆರೆಗಳಿದ್ದರೆ ವರ್ಟಿಸಿಲಿಯಂ ಎಂಬ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು ಮೇಲೇರಿದೆ. ಬುಡದ ತೊಗಟೆಯನ್ನು ಎಬ್ಬಿಸಿದಾಗ ಅಣಬೆಯ ವಾಸನೆಯೊಡನೆ ಬಿಳಿಯ ಪೊರೆ ಕಂಡರೆ ಆ ಮರದ ಆಸೆಯನ್ನು ಬಿಡಬೇಕಾದೀತು. ಇವು ಯಾವುವೂ ಇಲ್ಲದೆ ಅಂಚು ಮಾತ್ರ ಕಂದಿದ್ದರೆ ಬರ, ಬಿಸಿಗಾಳಿ, ಇಲ್ಲವೆ ಮೇಲೆ ಹೇಳಿದ ನಿಂತ ನೀರು. ಬೇರಿನಿಂದ ಹೊರಟ ನೀರಿಗೆ ಎಲೆಯ ಅಂಚೇ ಕಡೆಯ ಊರು. ಬರವೋ ಜವುಗೋ ಎಂಬುದನ್ನು ಎಲೆ ಹೇಳಲಾರದು, ಗುದ್ದಲಿ ಹೇಳೀತು. ಒಂದು ಮೊಳ ಅಗೆದು ಮಣ್ಣನ್ನು ಹಿಡಿಯಲ್ಲಿ ಹಿಂಡಿದರೆ ಕಾಲುಗಂಟೆಯಲ್ಲಿ ತೀರತಕ್ಕ ವ್ಯಾಜ್ಯ ಅದು.

ಗೃಹಸ್ಥನ ದೋಷವಿರುವುದು ಈ ಕಾಲುಗಂಟೆಯಲ್ಲಿ. ಅವನಿಗೆ ರೋಗಗಳ ಹೆಸರು ತಿಳಿಯದಿದ್ದುದು ತಪ್ಪಲ್ಲ. ಎಲ್ಲರೂ ಎಲ್ಲವನ್ನೂ ತಿಳಿದಿರಲಾರರು. ಅಗೆದು ನೋಡದೆ ಹೋದುದು ತಪ್ಪು. ಏಕೆ ಅಗೆಯಲಿಲ್ಲ? ನೀರು ಹೊಯ್ಯುವುದರಲ್ಲಿ ಹೊಯ್ಯುವವನಿಗೆ ಒಂದು ಸಮಾಧಾನವುಂಟು. ಬಾಡಿದ ಎಲೆಯನ್ನು ಕಂಡ ಕಳವಳವು ಕೊಡ ಬರಿದಾಗುವಷ್ಟರಲ್ಲಿ ತೀರುತ್ತದೆ. ಅವನು ಉಪಚರಿಸಿದುದು ಮರವನ್ನೋ ತನ್ನ ಕಳವಳವನ್ನೋ ಎಂದು ಕೇಳಿದರೆ ಉತ್ತರವು ಅವನಿಗೇ ಹಿತವಾಗದು. ಮಗುವಿನ ಅಳುವಿಗೆಲ್ಲ ಹಾಲನ್ನೇ ಮದ್ದೆಂದು ನಂಬಿದ ತಾಯಿ, ಬಡವನ ದುಃಖಕ್ಕೆಲ್ಲ ಕಾಸನ್ನೇ ಮದ್ದೆಂದು ನಂಬಿದ ಧನಿಕ, ಇವರೂ ಅವನ ಬಳಗದವರೇ.

ಹಾಗೆಂದು, ಪೂರ್ಣವಾಗಿ ತಿಳಿಯುವವರೆಗೂ ಕೈಕಟ್ಟಿ ಕೂಡಬೇಕೆಂದು ಅರ್ಥವಲ್ಲ. ಆಯುರ್ವೇದವು ರೋಗವನ್ನು ಅರಿಯುವ ಐದು ಸಾಧನಗಳಲ್ಲಿ ಉಪಶಯವನ್ನೂ ಹೇಳಿದೆ. ಔಷಧವನ್ನೋ ಪಥ್ಯವನ್ನೋ ಕೊಟ್ಟು, ಹಿತವಾಯಿತೇ ಅಹಿತವಾಯಿತೇ ಎಂಬುದರಿಂದ ರೋಗವನ್ನು ತಿಳಿಯುವುದು ಅದರ ಕ್ರಮ. (ಮರಗಳ ಚಿಕಿತ್ಸೆಯೂ ಈ ದೇಶಕ್ಕೆ ಹೊಸದಲ್ಲ, ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿಯೂ ವೃಕ್ಷಾಯುರ್ವೇದದ ಅಧ್ಯಾಯವಿದೆ.) ಮೊದಲನೆಯ ಕೊಡವು ಉಪಶಯವಾಗಬಹುದಾಗಿತ್ತು. ಎಲೆ ಇನ್ನಷ್ಟು ಕಂದಿದುದನ್ನು ಕಂಡೂ ಹೊಯ್ದ ಎರಡನೆಯ ಕೊಡಕ್ಕೆ ಆ ಹೆಸರು ಸಲ್ಲದು.

ಕರುಣೆಯಿಂದ ಮರವನ್ನು ಕೊಂದ ಗೃಹಸ್ಥನ ಪಕ್ಕದಲ್ಲಿ, ಮರಗಳನ್ನು ಸುಟ್ಟು ನಿಂದೆಗೆ ಗುರಿಯಾಗಬಹುದಾಗಿದ್ದವರ ಒಂದು ಕಥೆಯನ್ನಿಟ್ಟು ನೋಡಬೇಕು. ಅಮೆರಿಕಾದ ರಾಜಧಾನಿಯಾದ ವಾಷಿಂಗ್ಟನ್ನಿಗೆ ಟೋಕಿಯೋ ನಗರವು ಸ್ನೇಹದ ಕುರುಹಾಗಿ ಕಳುಹಿಸಿದ ಎರಡು ಸಾವಿರ ಚೆರಿ ಮರಗಳು 1910ರ ಜನವರಿ 6ರಂದು ಬಂದು ಸೇರಿದುವು. ಕೃಷಿ ಇಲಾಖೆಯ ಪರೀಕ್ಷಕರು ನೋಡಿದಾಗ ಅವುಗಳಲ್ಲಿ ಕೀಟಗಳೂ, ನೆಮಟೋಡ್ ಎಂಬ ಸೂಕ್ಷ್ಮವಾದ ಜಂತುಹುಳುಗಳೂ, ರೋಗಗಳೂ ಕಂಡುಬಂದುವು. ಚಳಿಗಾಲವಾದುದರಿಂದ ಆ ಮರಗಳ ಮೇಲೆ ಎಲೆಯೇ ಇರಲಿಲ್ಲವೆಂಬುದು ಇಲ್ಲಿ ನೆನೆಯತಕ್ಕ ಮಾತು. ಮುದುರಲು, ಕಂದಲು ಏನೂ ಇಲ್ಲದ ಕಡೆ, ತೊಗಟೆಯೂ ಬೇರೂ ಸಾಕ್ಷಿ ನುಡಿಯಬೇಕಾಗಿತ್ತು. ಅತಿಥಿಯ ಕಾಣಿಕೆಯನ್ನು ಬೆಂಕಿಗಿಡುವುದು ಯಾವ ದೇಶದ ಸೌಜನ್ಯಕ್ಕೂ ಒಪ್ಪತಕ್ಕುದಲ್ಲ. ಆದರೂ ಜನವರಿ 28ರಂದು ಅಧ್ಯಕ್ಷ ಟ್ಯಾಫ್ಟರ ಒಪ್ಪಿಗೆ ದೊರೆತು ಮರಗಳನ್ನು ಸುಟ್ಟುಬಿಟ್ಟರು. ಟೋಕಿಯೋದ ಮೇಯರ್ ಯುಕಿಯೋ ಒಝಾಕಿಯವರು ಇದನ್ನು ಅವಮಾನವೆಂದು ಎಣಿಸಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಅರಕಾವಾ ನದಿಯ ದಂಡೆಯ ಹೆಸರಾಂತ ಮರಗಳಿಂದ ಕಡ್ಡಿಗಳನ್ನು ತೆಗೆದು, ಆರಿಸಿದ ಬುಡಗಳಿಗೆ ಕಸಿಮಾಡಿ ಬೆಳೆಸಿದರು. 1912ರ ಮಾರ್ಚಿಯಲ್ಲಿ 3,020 ಸಸಿಗಳು ವಾಷಿಂಗ್ಟನ್ನಿಗೆ ಬಂದುವು. ಮಾರ್ಚಿ 27ರಂದು ಅಧ್ಯಕ್ಷರ ಪತ್ನಿ ಹೆಲೆನ್ ಟ್ಯಾಫ್ಟರೂ ಜಪಾನಿನ ರಾಯಭಾರಿಯ ಪತ್ನಿಯೂ ಮೊದಲನೆಯ ಎರಡನ್ನು ನೆಟ್ಟರು. ಮುಂದೆ ಯುದ್ಧಕಾಲದಲ್ಲಿ ಅರಕಾವಾ ದಂಡೆಯ ತಾಯಿಮರಗಳು ಕ್ಷೀಣಿಸಿದಾಗ, 1952ರಲ್ಲಿ ವಾಷಿಂಗ್ಟನ್ನಿನ ಮರಗಳ ಕಡ್ಡಿಗಳೇ ಕಸಿಗಾಗಿ ಟೋಕಿಯೋಗೆ ಮರಳಿದುವು.

ಫಲವು ಚೆನ್ನಾಯಿತೆಂದು ಕರ್ಮವು ಚೆನ್ನೆನ್ನಲಾಗದು. ಗೃಹಸ್ಥನ ವಿಷಯದಲ್ಲಿ ಒಪ್ಪದ ವಾದವನ್ನು ಇಲ್ಲಿ ಒಪ್ಪುವುದು ಸಲ್ಲದು. ಸುಟ್ಟವರ ಸಮರ್ಥನೆಯು ಬೇರೆ ಕಡೆಯಲ್ಲಿದೆ. ಅವರು ಮೊದಲು ಪರೀಕ್ಷಿಸಿದರು. ಕಂಡುದನ್ನು ಮುಚ್ಚದೆ ಕೊಟ್ಟವರಿಗೆ ತಿಳಿಸಿದರು. ಆ ದೇಶದ ತೋಟಗಳ ಕ್ಷೇಮವು ಅವರ ಕೈಯಲ್ಲಿತ್ತು. ಆದರೂ ಒಂದು ಮುಳ್ಳು ಉಳಿಯುತ್ತದೆ. ಎರಡು ಸಾವಿರದಲ್ಲಿ ನಿರೋಗಿಯಾದುದು ಒಂದಾದರೂ ಇದ್ದಿದ್ದರೆ ಅದಕ್ಕೆ ಆದುದು ನ್ಯಾಯವೇ? ಮರದ ಮಟ್ಟಿಗೆ ಈ ಪ್ರಶ್ನೆಯನ್ನು ನುಂಗಿಕೊಳ್ಳಬಹುದು. ನೆರೆಯ ಸಾವಿರ ಮರಗಳಿಗಾಗಿ ಸಂದೇಹದ ಒಂದನ್ನು ಕಳೆಯುವುದು ತೋಟಗಾರನ ಧರ್ಮ.

ಈ ಧರ್ಮವು ತೋಟದ ಬೇಲಿಯನ್ನು ದಾಟಿದರೆ ಏನಾಗುವುದೆಂಬುದನ್ನು ಅದೇ ದೇಶವು ಕಂಡಿತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿಯಾಯಿತು. 11ರಂದು ವಾಷಿಂಗ್ಟನ್ನಿನ ನಾಲ್ಕು ಚೆರಿ ಮರಗಳು ಕಡಿದುಬಿದ್ದಿದ್ದುವು. ಕಡಿದವರು ಸಿಕ್ಕಲಿಲ್ಲ, ದಾಳಿಗೆ ಇದು ಪ್ರತೀಕಾರವೆಂದೇ ಜನ ಶಂಕಿಸಿದರು. ಆ ನಾಲ್ಕು ಮರಗಳ ರೋಗವೇನು? ಹೆಸರು. ಮರುವರ್ಷ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರು ಹಾಕಿದ ಆಜ್ಞೆಯ ಮೇಲೆ ಪಶ್ಚಿಮ ಕರಾವಳಿಯ ಜಪಾನೀ ಮೂಲದ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿಟ್ಟರು. ಅವರಲ್ಲಿ ಹೆಚ್ಚಿನವರು ಅಮೆರಿಕಾದಲ್ಲಿಯೇ ಹುಟ್ಟಿದ ಪ್ರಜೆಗಳು. ಇಲ್ಲಿ ಒಬ್ಬೊಬ್ಬನ ಬೇರನ್ನೂ ಯಾರೂ ಅಗೆದು ನೋಡಲಿಲ್ಲ. ಮುಖವೆಂಬ ಎಲೆಯನ್ನು ಕಂಡರು, ದ್ರೋಹವೆಂಬ ರೋಗವನ್ನು ಊಹಿಸಿದರು. ಸಂದೇಹದ ಒಂದನ್ನು ಕಳೆಯಬಹುದೆಂಬ ತೋಟಗಾರನ ಮಾತು ಮನುಷ್ಯನ ಮಟ್ಟಿಗೆ ಒಂದಕ್ಷರವೂ ಸಲ್ಲದು. ಮರಕ್ಕೆ ತನ್ನದೆನ್ನುವ ಮಾತಿಲ್ಲ, ಇವರಿಗೆ ಇತ್ತು, ಅದನ್ನು ಕೇಳುವ ವ್ಯವಧಾನವು ಆಳುವವರಿಗೆ ಇರಲಿಲ್ಲ. 1988ರಲ್ಲಿ ಆ ದೇಶವು ಕಾಯಿದೆಯ ಮೂಲಕ ಕ್ಷಮೆ ಬೇಡಿತು. ಅಷ್ಟರಲ್ಲಿ ಅನೇಕರು ತೀರಿಹೋಗಿದ್ದರು.

ವಾಷಿಂಗ್ಟನ್ನಿನ ಮರಗಳಿಗೆ ಕಡೆಗೆ ಬಂದುದು ಗೃಹಸ್ಥನ ಮರಕ್ಕೆ ಬಂದ ರೋಗವೇ. ಪೊಟೋಮ್ಯಾಕ್ ನದಿಯ ಉಬ್ಬರವನ್ನು ತಡೆಯಲು ಟೈಡಲ್ ಬೇಸಿನ್ ಎಂಬ ಕೊಳದ ಸುತ್ತ ಕಟ್ಟಿದ್ದ ಕಲ್ಲಿನ ಗೋಡೆಯು ವರ್ಷವರ್ಷಕ್ಕೆ ಕುಸಿದು, ನೀರು ದಂಡೆಯನ್ನು ಮೀರಿ ದಿನಕ್ಕೆರಡು ಬಾರಿ ಬೇರುಗಳ ಮೇಲೆ ಹರಿಯುತ್ತಿತ್ತು. ಎಲೆಯ ರೋಗದ ಮೂಲವು ಎಲೆಯಲ್ಲಿಯೂ ಇಲ್ಲ, ಕೊಂಬೆಯಲ್ಲಿಯೂ ಇಲ್ಲ, ಮರದಲ್ಲಿಯೇ ಇಲ್ಲ, ಗೋಡೆಯ ತಳಪಾಯದಲ್ಲಿತ್ತು. ಗೋಡೆಯನ್ನು ಹೊಸದಾಗಿ ಕಟ್ಟುವ ಸಲುವಾಗಿ 2024ರಲ್ಲಿ ನೂರಕ್ಕೂ ಹೆಚ್ಚು ಚೆರಿ ಮರಗಳನ್ನು ತೆಗೆಯಬೇಕಾಯಿತು. ಜಪಾನು 250 ಹೊಸ ಸಸಿಗಳನ್ನು ಕೊಡುವುದಾಗಿ ಹೇಳಿತು. ತೆಗೆದವುಗಳಲ್ಲಿ ಟೊಳ್ಳಾಗಿ, ಕೆಲವೇ ರೆಂಬೆಗಳುಳಿದ ಒಂದು ಮೋಟು ಮರವಿತ್ತು. ಜನರು ಅದನ್ನು ಮುದ್ದಿನಿಂದ ಸ್ಟಂಪಿ ಎಂದು ಕರೆಯುತ್ತಿದ್ದರು. ಆ ವರ್ಷದ ವಸಂತದಲ್ಲಿಯೂ ಅದು ಹೂವು ಬಿಟ್ಟಿತ್ತು. ಅದರ ಕಡ್ಡಿಗಳನ್ನು ತೆಗೆದು, ನೀರು ನಿಲ್ಲದ ಬೇರೆ ನೆಲದಲ್ಲಿ ಬೆಳೆಸಲು ಕೊಂಡೊಯ್ದರು.