ಫಲವನ್ನು ಕೊಡುವವರಾರು?

ಕರ್ಮವು ತನ್ನ ಫಲವನ್ನು ತಾನೇ ಕೊಡಬಲ್ಲುದೆ, ಅಥವಾ ಜಡವಾದ ಕರ್ಮದ ಹಿಂದೆ ನಿಂತು ಫಲವನ್ನು ವಿವೇಚಿಸಿ ಕೊಡುವ ಚೇತನನೊಬ್ಬನು ಬೇಕೆ ಎಂಬ ಪ್ರಶ್ನೆಯಲ್ಲಿ ಜೈಮಿನಿಗಳಿಗೂ ಬಾದರಾಯಣರಿಗೂ ಒಮ್ಮತವಿಲ್ಲವೆಂಬುದು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯವನ್ನು ಓದಿದವರಿಗೆ ತಿಳಿದದ್ದೇ. ಧರ್ಮವೇ ಫಲಪ್ರದವೆಂದು ಮೊದಲನೆಯವರ ಪಕ್ಷ. ಈಶ್ವರನೇ ಫಲದಾತನೆಂದು ಎರಡನೆಯವರದು. ಈ ಪುರಾತನ ವ್ಯಾಜ್ಯವು 2016ರಲ್ಲಿ ಯಾವ ಶಾಸ್ತ್ರಿಗಳ ಕಿವಿಗೂ ಬೀಳದೆ ಕಂಪ್ಯೂಟರುಗಳ ಜಾಲದಲ್ಲಿ ಮರುಹುಟ್ಟು ಪಡೆಯಿತು.

ಆ ವರ್ಷದ ಏಪ್ರಿಲ್ ಕೊನೆಗೆ ಎಥೀರಿಯಮ್ ಎಂಬ ಬ್ಲಾಕ್‌ಚೈನಿನ (ಲೆಕ್ಕದ ಸರಪಣಿಯ) ಮೇಲೆ ‘ದ ಡಿಎಓ’ ಎಂಬ ವಿಕೇಂದ್ರಿತ ಸ್ವಾಯತ್ತ ಸಂಘವು ತಲೆಯೆತ್ತಿತು. ಅದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಟೋಕನ್ ಕೊಂಡವರೆಲ್ಲ ಮತದಾರರು. ಬಾಯಿಮಾತಿನ ವಿವರಣೆಗೂ ಸಂಘವನ್ನು ನಡೆಸುವ ಕಂಪ್ಯೂಟರ್ ಕೋಡಿಗೂ ಭೇದ ಕಂಡಲ್ಲಿ ಕೋಡೇ ಪ್ರಮಾಣವೆಂದು ಅದರ ಷರತ್ತುಗಳು ಸಾರಿದ್ದುವು. ಜೈಮಿನಿಗಳನ್ನು ಅನುಸರಿಸುವ ಅಪ್ಪಟ ಮೀಮಾಂಸಕರ ಧಾಟಿ! ಇಂಥ ಸಂಘಕ್ಕೆ ಕೋರಂ ಎಷ್ಟು, ಮತದಾನದ ಅವಧಿ ಎಷ್ಟು, ಹಣವು ಎಷ್ಟು ದಿನ ತಡೆದಿರಬೇಕು ಎಂಬ ಅಂಕಿಗಳನ್ನು ಚಾಲನೆಗೆ ಮುನ್ನ ಪರಿಶೀಲಿಸುವ ಹೊತ್ತೊಂದೇ ಸ್ಥಾಪಕರು ಪ್ರಭುಗಳಾಗಿರುವ ಹೊತ್ತು. ಮುಂದೆ ಅವರೂ ಪ್ರಜೆಗಳು. ಮತದಾನದ ಕ್ರಮದಲ್ಲಿ ದೋಷಗಳಿವೆ, ಸ್ವಲ್ಪ ತಡೆಯಿರಿ ಎಂದು ಕೆಲವು ಸಂಶೋಧಕರು ಮೇ ತಿಂಗಳಲ್ಲಿಯೇ ಹೇಳಿದರು. ಉತ್ಸಾಹವು ಅದನ್ನು ಕೇಳಿಸಿಕೊಳ್ಳಲಿಲ್ಲ.

ಜೂನ್ 17ರಂದು ಅಜ್ಞಾತನೊಬ್ಬನು, ಲೆಕ್ಕದಲ್ಲಿ ಶಿಲ್ಕು ಕಳೆಯುವುದಕ್ಕೆ ಮೊದಲೇ ಕೋಡು ಹಣವನ್ನು ಹೊರಗೆ ಕಳಿಸುತ್ತಿದ್ದುದನ್ನು ಕಂಡುಹಿಡಿದು, ಒಂದೇ ಕೋರಿಕೆಯನ್ನು ಮರಳಿ ಮರಳಿ ಸಲ್ಲಿಸಿ, ಸುಮಾರು 36 ಲಕ್ಷ ಈಥರನ್ನು (ಎಥೀರಿಯಮ್ಮಿನ ನಾಣ್ಯವನ್ನು) ಮೂಲಸಂಘದಿಂದ ಒಡೆದ ತನ್ನದೊಂದು ಕವಲುಸಂಘಕ್ಕೆ ಸೆಳೆದುಕೊಂಡನು. ಕೋಡೇ ಪ್ರಮಾಣವಾದೊಡೆ ಇದು ಕಳವು ಹೇಗಾದೀತು? ಕವಲುಸಂಘದ ಹಣವನ್ನು ಕೆಲವು ವಾರಗಳವರೆಗೆ ಹೊರತೆಗೆಯಲಾಗದೆಂಬ ನಿಯಮವೊಂದು, ಕಳ್ಳರನ್ನು ನೆನೆದು ಮಾಡಿದುದಲ್ಲದಿದ್ದರೂ, ಆಗ ಎಲ್ಲರಿಗೂ ಯೋಚಿಸಲು ಕಾಲಾವಕಾಶ ಕೊಟ್ಟಿತು. ಇಂಥ ಸಂಘದ ಅಂಕಿಗಳನ್ನು ಪರಿಶೀಲಿಸುವವರು ಕೋರಂಗಿಂತಲೂ ಈ ತಡೆಯ ಅಂಕಿಯ ಮುಂದೆ ಹೆಚ್ಚು ಹೊತ್ತು ಕೂರುವುದು ಲೇಸೆಂದು ನನ್ನ ಎಣಿಕೆ. ಚೇತನವು ಜಡದೊಳಗೆ ಪ್ರವೇಶಿಸಲು ಇರುವ ಬಾಗಿಲು ಅದೇ.

ಬಾದರಾಯಣರ ಪಕ್ಷವೇ ಅಂದು ಗೆದ್ದಿತೆನ್ನಬಹುದು, ಈಶ್ವರನ ಸ್ಥಾನದಲ್ಲಿ ಬಹುಜನರ ಒಪ್ಪಿಗೆ ಇದ್ದುದೊಂದೇ ವ್ಯತ್ಯಾಸ: ಜುಲೈ 20ರಂದು ಹಾರ್ಡ್ ಫೋರ್ಕ್, ಎಂದರೆ ನಿಯಮವನ್ನೇ ಬದಲಿಸಿ ಸರಪಣಿಯನ್ನು ಹೊಸ ಕವಲಾಗಿ ಮುಂದುವರಿಸುವ ಕ್ರಮ, ನಡೆದು ಹಣವು ಹೂಡಿದವರಿಗೆ ಹಿಂದಿರುಗುವಂತಾಯಿತು. ಆದರೆ ಬಹುಜನರು ನಾಳೆ ನಿರಪರಾಧಿಯ ಹಣವನ್ನೂ ಹೀಗೆಯೇ ಸರಿಸಲಾರರೇ ಎಂದು ಕೇಳಿದವರು ಹಳೆಯ ಸರಪಣಿಯನ್ನು ಬಿಡಲಿಲ್ಲ. ಎಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನ ಆ ಸರಪಣಿಯಲ್ಲಿ ಸೆಳೆದುಕೊಂಡವನ ಹಣವು ಅವನದಾಗಿಯೇ ಉಳಿಯಿತು.