ಆಯ್ಕೆ ಮತ್ತು ವ್ರತ

ದಶಲಕ್ಷಣ ಪರ್ವ ಸಮೀಪಿಸಿತೆಂದರೆ ಬೆಳಗಾವಿಯ ಶ್ರಾವಕರ ಮನೆಗಳಲ್ಲಿಯೂ ಈಗ ಒಂದು ಮಾತು ಕೇಳಿಬರುತ್ತದೆ: "ಉಪವಾಸ ಮಾಡುವುದು, ಬಿಡುವುದು ನನ್ನ ಚಾಯ್ಸು." ಮಕ್ಕಳ ಈ ಮಾತಿಗೆ ಹಿರಿಯರು ನೊಂದುಕೊಳ್ಳುತ್ತಾರೆ. ನೊಂದುಕೊಳ್ಳುವ ಮುನ್ನ ಆ ಶಬ್ದವನ್ನೇ ವಿಚಾರಿಸಿ ನೋಡುವುದು ಲೇಸು.

ಇಂಗ್ಲಿಷಿನ ಈ ಶಬ್ದವು ಹಳೆಯ ಫ್ರೆಂಚಿನಿಂದ ಬಂದುದು. ಅದರ ಬೇರು ಜರ್ಮಾನಿಕ್ ಭಾಷೆಗಳಲ್ಲಿದೆ. ಮೂಲದಲ್ಲಿ ಅದಕ್ಕೆ ರುಚಿ ನೋಡುವುದು, ಪರೀಕ್ಷಿಸುವುದು ಎಂದರ್ಥ. ಅದು ನಾಲಗೆಯ ಮೇಲೆ ಹುಟ್ಟಿದ ಶಬ್ದ. ನಮ್ಮ 'ಆಯ್ಕೆ'ಯಾದರೋ 'ಆಯ್' ಧಾತುವಿನದು. ಹೆಕ್ಕಿ ತೆಗೆಯುವುದೆಂದು ಅರ್ಥ. ಅಕ್ಕಿ ಹಸನು ಮಾಡುವಾಗ ಕಲ್ಲನ್ನೂ ಹುಳುವನ್ನೂ ಬೇರ್ಪಡಿಸುವ ತಾಯಿಯ ಕೆಲಸವದು. ಸಂಸ್ಕೃತದ 'ವೃ' ಧಾತುವಿಗೂ ಆರಿಸಿಕೊಳ್ಳುವುದೆಂಬ ಅರ್ಥವುಂಟು. ವರ, ಸ್ವಯಂವರಗಳು ಅಲ್ಲಿಂದ ಬಂದವು. ವ್ರತವೂ ಅಲ್ಲಿಂದಲೇ ಬಂದುದೆನ್ನುವ ವಿದ್ವಾಂಸರಿದ್ದಾರೆ.

ಶಬ್ದದ ಮೂಲ ಹೇಗಾದರೂ ಇರಲಿ, ಭಾವದಲ್ಲಿ ಸಂದೇಹವಿಲ್ಲ. ಸೇವನೆಗೆ ಯೋಗ್ಯವಾದ ವಿಷಯವನ್ನೂ ಸಂಕಲ್ಪಪೂರ್ವಕವಾಗಿ ತ್ಯಜಿಸುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಮನೆಯಲ್ಲಿ ತುಪ್ಪವಿಲ್ಲದವನು ತುಪ್ಪ ಬಿಟ್ಟರೆ ಅದು ಅಭಾವ. ತುಪ್ಪ ಸೇರದವನು ಬಿಟ್ಟರೆ ಅರುಚಿ. ಅತ್ತೆಗೆ ಅಂಜಿ ಸೊಸೆ ಬಿಟ್ಟರೆ ಭಯ. ಇಷ್ಟವಾದುದು ಎದುರಿಗಿದ್ದು, ಉಣ್ಣುವ ಸ್ವಾತಂತ್ರ್ಯವೂ ಇದ್ದು, ತಾನಾಗಿ ಬಿಟ್ಟರೆ ಮಾತ್ರ ಅದು ರಸಪರಿತ್ಯಾಗ.

ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕೆಯಾಗಿದ್ದಿತು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ರವಿವರ್ಮನ ಕಾಲದ, ಸುಮಾರು 1500 ವರ್ಷಗಳ ಹಿಂದಿನ ಶಾಸನವೊಂದುಂಟು. ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರಮಹಿಮೆ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ಅದು ವಿಧಿಸುತ್ತದೆ. ಅರಸನು ಪರ್ವಕ್ಕೆ ಗ್ರಾಮದ ಆದಾಯವನ್ನು ಕೊಡಬಲ್ಲನು. ಇನ್ನೊಬ್ಬನಿಗೆ ಸಂಕಲ್ಪವನ್ನು ಕೊಡಲಾರನು. ಮನೆಯ ಹಿರಿಯರ ಅಧಿಕಾರವೂ ಅಷ್ಟೇ. ನೆರೆಮನೆಯ ಮಗುವಿನ ಉಪವಾಸಗಳನ್ನು ಎಣಿಸಿ ತೋರಿಸಿ ನಮ್ಮ ಮಗುವನ್ನು ಹಸಿದಿರಿಸಿದರೆ ಹೊಟ್ಟೆ ಬರಿದಾದೀತು, ವ್ರತವಾಗದು.

ಆದರೆ ಕಿರಿಯರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು: ಆರಿಸುತ್ತಿರುವವನು ನಾನೋ, ನನ್ನ ನಾಲಗೆಯೋ? ಒಂದು ದಿನವಾದರೂ ನಾಲಗೆಗೆ ಬೇಡವೆನ್ನಲಾಗದವನದು ಆಯ್ಕೆಯಲ್ಲ, ಅಧೀನತೆ.

ಯಾವಜ್ಜೀವ ಪಾಲಿಸುವುದು ಯಮ, ಕಾಲಮಿತಿಯುಳ್ಳದ್ದು ನಿಯಮವೆಂದು ಆಚಾರ್ಯರು ವಿಭಾಗಿಸಿದ್ದಾರೆ. ಹತ್ತು ದಿನಗಳ ಉಪವಾಸವನ್ನು ಹೇರುವ ಬದಲು, ಒಂದು ದಿನ ಒಂದು ರಸವನ್ನು ಬಿಡುವ ನಿಯಮವನ್ನು ಮಗುವೇ ಆರಿಸಿಕೊಳ್ಳಲಿ. ಯಾವುದನ್ನು ಬಿಡುವೆಯೆಂದು ಕೇಳಿ, ಉತ್ತರಕ್ಕಾಗಿ ಕಾಯುವುದು ಹಿರಿಯರ ಕರ್ತವ್ಯ.